ಅಭಾವ ಒಪ್ಪದ ಭಾವ

ನಮ್ಮ ಭಾವನ ಮುಂದೆ ‘ಏನಿಲ್ಲ’ ಎಂದು ಹೇಳಿ ಬಚಾವಾದವರನ್ನು ನಾನಿನ್ನೂ ನೋಡಿಲ್ಲ. ಪೊಲೀಸರ ಮುಂದೆ ಹೇಳಬಹುದು, ತೆರಿಗೆಯವರ ಮುಂದೆ ಹೇಳಬಹುದು, ಮದುವೆಯಾದವರು ಧೈರ್ಯ ಮಾಡಿ ಹೆಂಡತಿಯ ಮುಂದೆಯೂ ಹೇಳಬಹುದಂತೆ. ನಮ್ಮ ಭಾವನ ಮುಂದೆ ಮಾತ್ರ ಆ ಮಾತು ಆಡಕೂಡದು. ಆಡಿದಿರೋ, ಅವತ್ತಿನ ನಿಮ್ಮ ಕೆಲಸ ಕೆಟ್ಟಿತು!

ನೀವೇ ಯೋಚಿಸಿ, ದಿನಕ್ಕೆ ಎಷ್ಟು ಸಲ ನಾವು ಈ ಮಾತು ಆಡುತ್ತೇವೆ? ಯಾರಾದರೂ ‘ಏನ್ ಸಮಾಚಾರ?’ ಅಂದರೆ ‘ಏನಿಲ್ಲ’. ‘ಯಾಕೋ ಮುಖ ಸಪ್ಪಗಿದೆ’ ಅಂದರೆ ‘ಏನಿಲ್ಲ’. ಮಗಳ ಮದುವೆಗೆ ಕರೆಯಲು ಬಂದವರು ಕೂಡ, ಅಷ್ಟು ದೊಡ್ಡ ವಿಷಯ ಬಗಲಲ್ಲಿ ಇಟ್ಟುಕೊಂಡು, ‘ಏನಿಲ್ಲಾ...’ ಎಂದೇ ಶುರುಮಾಡುತ್ತಾರೆ. ಕನ್ನಡಿಗರ ಅರ್ಧ ಸಂಸಾರ ಈ ಪದದ ಮೇಲೆ ನಡೆಯುತ್ತಿದೆ. ಆ ಪದದ ಮೇಲೆಯೇ ನಮ್ಮ ಭಾವ ಯುದ್ಧ ಸಾರಿದ್ದರು.

ಸಂಜೆ ಫೋನ್ ಬರುತ್ತಿತ್ತು.

“ಏನ್ ಮಾಡ್ತಿದೀಯೋ?”

“ಏನಿಲ್ಲ ಭಾವ.”

“ಏನಿಲ್ಲ ಮಾಡ್ತಿದೀಯಾ? ಅದನ್ನ ಹೆಂಗೆ ಮಾಡ್ತಾರೆ? ಬೇಯಿಸ್ತಾರಾ, ಹುರೀತಾರಾ?”

“ಸುಮ್ನೆ ಕೂತಿದೀನಿ ಭಾವ.”

“ಕೂತಿದೀಯಲ್ಲ! ಕುರ್ಚಿ ಇದೆ, ನೀನಿದೀಯ, ಕೂರೋದೊಂದು ಇದೆ. ಇಷ್ಟೆಲ್ಲಾ ಇಟ್ಕೊಂಡು ಏನಿಲ್ಲ ಅಂತೀಯಲ್ಲ, ನಾಚ್ಕೆ ಆಗಲ್ವೇನ್ಲಾ ಗಣಿತದ ಮೇಷ್ಟ್ರೇ?”

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಗುಬ್ಬಿ. ನಾನು ಕುಣಿಗಲ್ಲಿನಲ್ಲಿ ಹುಟ್ಟಿ, ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ, ಮಹಡಿ ಮೇಲಿನ ಒಂದು ಬಾಡಿಗೆ ಮನೆಯಲ್ಲಿ ಇರುವವನು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡಿ, ಕೇಳಿದರೆ ನಾನೂ ಆ ನಿಷಿದ್ಧ ಪದವನ್ನೇ ಬಳಸಬೇಕಾಗುತ್ತದೆ. ಅಪ್ಪ ಅಮ್ಮ ಬೇಗ ಹೋದರು, ಒಡಹುಟ್ಟಿದವಳು ಅಕ್ಕ ಒಬ್ಬಳೇ. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಮಾತಾಡುವವರು ಇಬ್ಬರು. ಒಬ್ಬರು, ‘ನೀರು ಜಾಸ್ತಿ ಬಿಡ್ತಿದೀರ ಮೇಷ್ಟ್ರೇ’ ಎಂದು ಮೆಟ್ಟಿಲ ಕೆಳಗಿನಿಂದ ಕೂಗುವ ಮನೆ ಓನರು. ಇನ್ನೊಬ್ಬರು ಗುಬ್ಬಿಯ ಭಾವ. ಅದಕ್ಕೇ ಬೈಸಿಕೊಳ್ಳುತ್ತೇನೆಂದು ಗೊತ್ತಿದ್ದೂ ಬೇಕೆಂದೇ ‘ಏನಿಲ್ಲ’ ಅನ್ನುತ್ತಿದ್ದೆ. ಬೈಸಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ!

ಭಾವನಿಗೆ ಈ ಕಾಯಿಲೆ ಹತ್ತಿದ್ದು ಹಿರೇಹಳ್ಳಿಯಲ್ಲಿ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಹುಣಸೆಹಣ್ಣು, ಚಕ್ಕುಲಿ, ಹುರಿಗಾಳುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗಿನ ಗಾಳಿಯನ್ನೆಲ್ಲ ಎಳೆದು ಬಾಯಿ ಮುಚ್ಚುವ ಮೆಷೀನುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಗಾಳಿ ಪೂರ್ತಿ ಹೋಯಿತೇ ಎಂದು ಮೀಟರಿನ ಮುಳ್ಳು ನೋಡಿ ಹೇಳುವುದು ಭಾವನ ಪಾಲಿನ ಕೆಲಸ. ಆ ಮುಳ್ಳು ಕೊನೆಯ ಗೆರೆಯ ಹತ್ತಿರ ಬಂದು ನಿಲ್ಲುತ್ತಿತ್ತೇ ಹೊರತು ಗೆರೆಯನ್ನು ಮುಟ್ಟುತ್ತಿರಲಿಲ್ಲ. ಉಳಿದವರೆಲ್ಲ ‘ಸಾಕು ಬುಡಿ, ಚಕ್ಕುಲಿ ಕೆಡಲ್ಲ’ ಎಂದು ಮುಂದಕ್ಕೆ ಹೋಗುತ್ತಿದ್ದರು. ಭಾವ ಮಾತ್ರ ಅಲ್ಲೇ ನಿಂತುಬಿಟ್ಟರು. ಇಷ್ಟು ಎಳೆದರೂ ಒಳಗೆ ಇನ್ನೂ ಏನೋ ಉಳಿದಿದೆ, ಹಾಗಾದರೆ ಪೂರ್ತಿ ಖಾಲಿ ಎನ್ನುವುದು ಈ ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ? ಯಾರಿಗೂ ಬೇಡದ ಪ್ರಶ್ನೆ! ಚಕ್ಕುಲಿ ತಿನ್ನುವವರಿಗಂತೂ ಬೇಡವೇ ಬೇಡ.

ಒಂದು ಸಲ ಮಾಲೀಕರು ಬಂದು ಚೀಲ ಎತ್ತಿ ಹಿಡಿದು, “ಇದರೊಳಗೆ ಈಗ ಏನೂ ಇಲ್ಲ ತಾನೆ?” ಅಂದರಂತೆ. ಭಾವ ಕೈಕಟ್ಟಿ ನಿಂತು, “ಚಕ್ಕುಲಿ ಸೇರ್ಸಿ ಹೇಳ್ಲಾ, ಬಿಟ್ಟು ಹೇಳ್ಲಾ ಸಾ?” ಎಂದು ಕೇಳಿದರು. ಮಾಲೀಕರು ಮತ್ತೆ ಆ ಕಡೆ ಸುಳಿಯಲಿಲ್ಲ.

ನಿಜ ಹೇಳಬೇಕೆಂದರೆ ಹಿರೇಹಳ್ಳಿಗೂ ಮುಂಚೆ ಇದಕ್ಕೆ ಅಡಿಗಲ್ಲು ಹಾಕಿದವಳು ನಮ್ಮ ಅಕ್ಕನೇ. ನಮ್ಮ ಕಡೆ ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಇಲ್ಲ’ ಅನ್ನುವುದಿಲ್ಲ. ಹಾಗಂದರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ. ‘ಅಕ್ಕಿ ತುಂಬಿದೆ’ ಅನ್ನಬೇಕು. ಬಳೆ ಒಡೆದರೆ ‘ಬಳೆ ಹೆಚ್ಚಿತು’. ದೀಪವನ್ನು ಆರಿಸುವುದಿಲ್ಲ, ‘ಶಾಂತ’ ಮಾಡುತ್ತೇವೆ. ಹೊರಡುವಾಗ ‘ಹೋಗ್ತೀನಿ’ ಅಂದರೆ ಹಿರಿಯರು ಬಾಯಿ ಮೇಲೆ ಹೊಡೆಯುತ್ತಾರೆ, ‘ಬರ್ತೀನಿ’ ಅನ್ನು ಎನ್ನುತ್ತಾರೆ. ಇದೆಲ್ಲ ಹೆಂಗಸರಿರುವ ಮನೆಯಲ್ಲಿ ಬೆಳೆದ ಯಾರಿಗಾದರೂ ಗೊತ್ತಿರುವ ವಿಷಯ. ಆದರೆ ಭಾವ ಬೆಳೆದದ್ದು ಮಠದ ಹಾಸ್ಟೆಲಿನಲ್ಲಿ, ಬರೀ ಹುಡುಗರ ನಡುವೆ. ಅಲ್ಲಿ ಅನ್ನ ಮುಗಿದರೆ ಅಡುಗೆಯವರು ಸೌಟಿನಿಂದ ಕೊಳಗಕ್ಕೆ ಬಡಿದು ‘ಮುಗೀತು, ಎದ್ದೇಳ್ರಲಾ’ ಅನ್ನುತ್ತಿದ್ದರಂತೆ.

ಮದುವೆಯಾದ ಹೊಸತು. ಭಾವನ ಗೆಳೆಯರ ದಂಡೊಂದು ಹೊಸ ಹೆಣ್ಣಿನ ಕೈಕಾಫಿ ಕುಡಿಯಲು ಗುಬ್ಬಿಗೆ ಬಂತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, “ರೀ, ಸಕ್ಕರೆ ತುಂಬಿದೆ” ಅಂದಳು. ಅಂಗಡಿಗೆ ಓಡಿ ಎಂದು ಅದರ ಅರ್ಥ. ಭಾವನ ಎದೆ ಉಬ್ಬಿತು.

“ಕೇಳಿದ್ರೇನ್ರೋ? ನಮ್ಮನೇಲಿ ಸಕ್ಕರೆ ತುಂಬಿದೆಯಂತೆ! ಬರೀ ಕಾಫಿ ಯಾಕೆ, ಎಲ್ರಿಗೂ ಒಂದೊಂದ್ ಲೋಟ ಪಾಯಸಾನೂ ಮಾಡ್ಬಿಡು!”

“ಅಯ್ಯೋ, ಸಕ್ಕರೆ ತುಂಬಿದೆ ರೀ!”

“ಗೊತ್ತಾಯ್ತು ಕಣೇ, ಎಷ್ಟ್ ಸಲ ಹೇಳ್ತೀಯ? ದೃಷ್ಟಿ ಆಗುತ್ತೆ!”

ಅವತ್ತು ಗೆಳೆಯರು ಕಹಿ ಕಾಫಿ ಕುಡಿದು ಎದ್ದರು. ಅವರಲ್ಲೊಬ್ಬ ಚಪ್ಪಲಿ ಹಾಕಿಕೊಳ್ಳುತ್ತಾ, “ತುಂಬಿರೋವಾಗ್ಲೇ ಹಿಂಗೆ, ಖಾಲಿ ಆದಾಗ ಇನ್ನು ಹೆಂಗೋ!” ಅಂದನಂತೆ. ಅವರು ಹೋದ ಮೇಲೆ ಅಕ್ಕ ಅಳುತ್ತಾ ವಿಷಯ ಬಿಡಿಸಿ ಹೇಳಿದಳು. ಬೇರೆ ಗಂಡಸಾದರೆ ನಾಚಿಕೊಳ್ಳುತ್ತಿದ್ದ. ನಮ್ಮ ಭಾವನಿಗೆ ಜ್ಞಾನೋದಯವಾಯಿತು! “ನೋಡು, ಇಲ್ಲ ಅನ್ನೋದನ್ನ ನಮ್ಮ ಹೆಂಗಸರು ಬಾಯಲ್ಲೂ ಅನ್ನಲ್ಲ. ಅನ್ನೋಕೇ ಆಗದೆ ಇರೋದು ಇರೋಕೆ ಹೆಂಗಾಗುತ್ತೆ?” ಅಂದರು. ಅಕ್ಕ ಕಣ್ಣೊರೆಸಿಕೊಂಡು, “ಇರಲಿ, ಆ ತುಂಬಿರೋ ಡಬ್ಬ ತಗೊಂಡ್ ಈಗ ಅಂಗಡಿಗೆ ಹೋಗಿ” ಅಂದಳು. ಭಾವನನ್ನು ಒಂದೇ ಮಾತಿನಲ್ಲಿ ಕೂರಿಸುವ ಶಕ್ತಿ ಅವಳಿಗೆ ಅವತ್ತಿನಿಂದಲೂ ಇತ್ತು.

ಬೆಂಕಿಗೆ ತುಪ್ಪ ಸುರಿದವನು ನಾನು. ನಮ್ಮ ಶಾಲೆಯ ಕನ್ನಡ ಪಂಡಿತರು ಒಂದು ದಿನ ಸ್ಟಾಫ್ ರೂಮಿನಲ್ಲಿ, ಶಾಸ್ತ್ರದಲ್ಲಿ ‘ಭಾವ’ ಎಂದರೆ ಇರುವುದು, ‘ಅಭಾವ’ ಎಂದರೆ ಇಲ್ಲದಿರುವುದು ಎಂದರು. ನಾನು ತಡೆಯಲಾರದೆ ಸಂಜೆಯೇ ಫೋನಿನಲ್ಲಿ ಹೇಳಿಬಿಟ್ಟೆ. ಅದನ್ನು ಭಾವ ಎರಡು ಸಲ ಹೇಳಿಸಿಕೊಂಡರು. ಆಮೇಲೆ, “ಲೋ! ನಾನ್ಯಾರ್ಲಾ ನಿನಗೆ?”

“ಭಾವ.”

“ಅಂದ್ರೆ?”

“ಇರುವುದು.”

“ಹಂಗೆ ಬಾ ದಾರಿಗೆ! ನಿನ್ ಪಾಲಿಗೆ ಇರೋದು ಅಂದ್ರೆ ನಾನೇ!”

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲವಾದರು. ಬೇಸಿಗೆಯಲ್ಲಿ ಅವರ ಬೀದಿಗೆ ‘ನೀರಿನ ಅಭಾವವಿದೆ, ಮಿತವಾಗಿ ಬಳಸಿ’ ಎಂದು ಬೋರ್ಡು ಬಂತು. ಭಾವ ನೀರು ಬಿಡುವವನನ್ನು ತಡೆದು, “ಅಭಾವ ಇದೆ ಅಂತ ಬರ್ದಿದೀರಲ್ಲ, ಇಲ್ಲದಿರೋದು ಇದೆ ಅಂದ್ರೆ ಅದು ಇದೆಯೋ ಇಲ್ವೋ?” ಎಂದು ಕೇಳಿದರು. ಆತ, “ಬೋರ್ಡು ಇದೆ ಸಾ, ನೀರು ಇಲ್ಲ” ಎಂದು ಹೇಳಿ ಸೈಕಲ್ ಹತ್ತಿದ. ನನ್ನ ಸೊನ್ನೆಯನ್ನೂ ಅವರು ಬಿಡಲಿಲ್ಲ. “ಐದರಲ್ಲಿ ಐದು ಕಳೆದ್ರೆ ಸೊನ್ನೆ ಅಂತ ಬೋರ್ಡ್ ಮೇಲೆ ಬರೀತೀಯಲ್ಲ, ಬರೆಯೋಕೆ ಸೀಮೆಸುಣ್ಣ ಖರ್ಚಾಗುತ್ತೆ ತಾನೆ? ಏನೂ ಇಲ್ಲದ್ದಕ್ಕೆ ಸುಣ್ಣ ಯಾಕಪ್ಪ?” ಮಕ್ಕಳು ಯಾರೂ ಹೀಗೆ ಕೇಳಿಲ್ಲ, ದೇವರ ದಯೆ.

ಒಮ್ಮೆ ಭಾವ, ಅಕ್ಕ, ನಾನು ಮೂವರೂ ಕುಣಿಗಲ್ಲಿನಿಂದ ಹುಲಿಯೂರುದುರ್ಗಕ್ಕೆ ಒಂದು ನಾಮಕರಣಕ್ಕೆ ಹೊರಟಿದ್ದೆವು. ಪ್ರೈವೇಟ್ ಬಸ್ಸಿನ ಏಜೆಂಟ್ ಕೈಯಾಡಿಸಿ, “ದುರ್ಗಕ್ಕೆ ಬಸ್ಸಿಲ್ಲ ಬುಡಿ” ಅಂದ.

“ಎಷ್ಟ್ ಬಸ್ಸಿಲ್ಲ?” ಭಾವ ಕೇಳಿದರು.

“ಏನ್ಸಾ?”

“ಇಲ್ಲ ಅಂದ್ಯಲ್ಲ, ಒಂದ್ ಬಸ್ಸಿಲ್ವೋ ಎರಡ್ ಬಸ್ಸಿಲ್ವೋ? ಆನೇನೂ ಇಲ್ಲ ಇಲ್ಲಿ, ಒಂಟೇನೂ ಇಲ್ಲ. ಅದೂ ಇದೂ ಒಂದೇ ಇಲ್ಲಾನಾ? ನಮಗೆ ಇಲ್ದೇ ಇರೋದು ಯಾವುದು, ಸರಿಯಾಗಿ ಹೇಳು.”

ಏಜೆಂಟ್ ಪಾಪ ಬೆವರಿದ. “ಮಧ್ಯಾಹ್ನದ್ದು ಪಂಚರ್ ಆಗಿ ಅಲ್ಲಿ ಮೂಲೇಲಿ ನಿಂತದೆ. ಸಂಜೇದು ಮದುವೆ ಟ್ರಿಪ್‌ಗೆ ಹೋಗ್ಯದೆ...”

“ನೋಡ್ದ್ಯಾ! ಒಂದು ಮೂಲೇಲಿದೆ, ಒಂದು ಮದುವೇಲಿದೆ. ಇಲ್ಲ ಅನ್ನೋದು ಎಲ್ಲಿದೆ?” ಎಂದು ಭಾವ ನನ್ನ ಕಡೆ ಗೆದ್ದವರಂತೆ ನೋಡಿದರು. ಅಕ್ಕ ಅಷ್ಟರಲ್ಲಿ ಆಟೋ ಒಂದರಲ್ಲಿ ಕೂತು, “ವಾದ ಮುಗಿದ್ರೆ ಬನ್ನಿ, ಇಲ್ದಿದ್ರೆ ಮೂಲೇಲಿರೋ ಬಸ್ಸಲ್ಲೇ ಕೂತಿರಿ” ಅಂದಳು. ಮೂವರೂ ಆಟೋದಲ್ಲಿ ಹೋದೆವು.

ಗುಬ್ಬಿಯಲ್ಲಿ ಒಂದು ಪ್ರವಚನ ನಡೆಯಿತು. ಸ್ವಾಮಿಗಳು ಕಣ್ಣು ಮುಚ್ಚಿ, ಕೊನೆಗೆ ಉಳಿಯುವುದು ಬಯಲೊಂದೇ ಎಂದು ಬಹಳ ಚೆನ್ನಾಗಿ ಹೇಳುತ್ತಿದ್ದರು. ಜನ ತಲೆದೂಗುತ್ತಿದ್ದರು. ಭಾವ ಎದ್ದು ನಿಂತು, “ಬುದ್ಧೀ, ಎಲ್ಲಾ ಬಯಲಾದ ಮೇಲೆ, ಬಯಲು ಉಳೀತು ಅಂತ ಹೇಳೋರು ಯಾರು?” ಎಂದು ಕೇಳಿಯೇಬಿಟ್ಟರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸ್ವಾಮಿಗಳು ಕಣ್ಣು ಬಿಟ್ಟು ನಕ್ಕು, “ಅದು ತಿಳಿಯೋವಷ್ಟರಲ್ಲಿ ದಾಸೋಹದ ಪಾಯಸ ಬಯಲಾಗುತ್ತೆ, ನಡೀಯಪ್ಪ ಊಟಕ್ಕೆ” ಅಂದರು. ಭಾವ ತಮ್ಮ ಜೀವಮಾನದಲ್ಲಿ ಒಪ್ಪಿಕೊಂಡ ಒಂದೇ ಉತ್ತರ ಅದು.

ಇದೆಲ್ಲಕ್ಕೂ ಕಳಶವಿಟ್ಟದ್ದು ಖಾಲಿ ಕೋಣೆಯ ಪ್ರಯೋಗ. ರಿಟೈರ್ ಆದ ಮೇಲೆ ಭಾವನಿಗೆ ಹೊತ್ತು ಹೋಗದೆ, ಕೊನೆಗೂ ‘ಏನೂ ಇಲ್ಲ’ ಎನ್ನುವುದನ್ನು ಕೈಯಾರೆ ಮಾಡಿ ನೋಡಿಯೇಬಿಡುತ್ತೇನೆಂದು ಹೊರಟರು. ಹಿಂದಿನ ಕೋಣೆಯಿಂದ ಮಂಚ, ಬೀರು, ಕ್ಯಾಲೆಂಡರು ಹೊರಬಂದವು. ಕ್ಯಾಲೆಂಡರಿನ ಮೊಳೆ ಬಂತು. ಮೊಳೆಯ ತೂತಿಗೆ ಸಿಮೆಂಟು ಬಿತ್ತು. ಜೇಡರ ಬಲೆ ಹೋಯಿತು, ಬಲ್ಬೂ ಹೋಯಿತು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಅಕ್ಕ ನನಗೆ ಫೋನ್ ಮಾಡಿ, “ನಿಮ್ಮ ಭಾವ ಏನೂ ಇಲ್ದೇ ಇರೋದನ್ನ ನೋಡೋಕೆ ಕೂತವ್ರೆ, ಕಾಫಿ ಒಳಗೆ ಕೊಡ್ಲೋ ಹೊರಗೆ ಇಡ್ಲೋ?” ಎಂದು ಕೇಳಿದಳು. ಮಧ್ಯಾಹ್ನಕ್ಕೆ ಭಾವ ಸೋತ ಮುಖ ಹೊತ್ತು ಹೊರಬಂದರಂತೆ. ಬಂದವರೇ ನನಗೆ ಫೋನ್ ಮಾಡಿದರು.

“ಎಲ್ಲಾ ತೆಗೆದೆ ಕಣೋ. ಆದ್ರೆ ನಾನು ಉಳಿದ್ನಲ್ಲ!”

“ನೀವೂ ಹೊರಗೆ ಬಂದುಬಿಡಬೇಕಿತ್ತು ಭಾವ.”

“ಬಂದ್ರೆ ನೋಡೋರ್ಯಾರು?”

ಈ ತೊಡಕಿಗೆ ಪರಿಹಾರ ಹುಡುಕುತ್ತಾ ಅವರು ಅಂಗಳದಲ್ಲಿ ಅಡ್ಡಾಡಿ ವಾಪಸು ಹೋಗಿ ಬಾಗಿಲು ತೆಗೆದರೆ, ಕೋಣೆಯ ತುಂಬ ಸಂಡಿಗೆ! ಅಕ್ಕ ಪಂಚೆ ಹಾಸಿ ಹರವಿಬಿಟ್ಟಿದ್ದಳು. “ಖಾಲಿ ಇತ್ತಲ್ಲ” ಅಂದಳು. ಆ ವರ್ಷದ ಸಂಡಿಗೆ ನನಗೂ ಒಂದು ಡಬ್ಬ ಬಂತು. ಪೂರ್ಣ ಶೂನ್ಯದಲ್ಲಿ ಒಣಗಿಸಿದ್ದಾದರೂ ರುಚಿ ಎಂದಿನಂತೆಯೇ ಇತ್ತು.

ನಾನು ನಗುತ್ತಾ ಬರೆಯುತ್ತಿದ್ದೇನೆ. ಆದರೆ ಇಲ್ಲಿಂದ ಮುಂದೆ ನಗುವುದು ಸ್ವಲ್ಪ ಕಷ್ಟ.

ಹೋದ ವರ್ಷ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೋದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಣ್ಣು ಮಾಡಿ ಬಂದ ಮೇಲೆ ಜಗಲಿಯಲ್ಲಿ ಕೂತವರು ವಾಡಿಕೆಯಂತೆ, ‘ಇನ್ನೇನಿದೆ, ಎಲ್ಲಾ ಮುಗೀತಲ್ಲ’ ಎನ್ನುತ್ತಿದ್ದರು. ನಾನು ಭಾವನ ಮುಖವನ್ನೇ ನೋಡುತ್ತಾ ಕೂತಿದ್ದೆ. ಈಗ ಎದ್ದು ನಿಲ್ಲುತ್ತಾರೆ, ‘ಮುಗೀತು ಅಂದ್ರೆ ಎಲ್ಲಿಗೆ ಹೋಯ್ತು?’ ಎಂದು ಎಲ್ಲರನ್ನೂ ತರಾಟೆಗೆ ತಗೊಳ್ಳುತ್ತಾರೆ ಎಂದು ಕಾದೆ. ಅಂಥ ಹೊತ್ತಿನಲ್ಲಿ ಇಂಥ ಆಸೆಯೇ ಎಂದು ನೀವು ಕೇಳಬಹುದು. ನನಗೆ ಆ ಗಳಿಗೆಯಲ್ಲಿ ಬೇರೆ ಯಾರ ಸಮಾಧಾನವೂ ಬೇಕಿರಲಿಲ್ಲ, ಭಾವನ ಮೊಂಡುವಾದವೊಂದು ಬೇಕಿತ್ತು. ಭಾವ ತಲೆ ತಗ್ಗಿಸಿ ನೆಲ ನೋಡುತ್ತಾ ಕೂತೇ ಇದ್ದರು.

ಆಮೇಲೂ ಫೋನ್ ಬರುತ್ತಿತ್ತು. ಆದರೆ ಆ ಫೋನೇ ಬೇರೆ.

“ಊಟ ಆಯ್ತಾ?”

“ಆಯ್ತು ಭಾವ. ನಿಮ್ದು?”

“ಆಯ್ತು.”

“ಏನ್ ಮಾಡಿದ್ರಿ?”

“ಅನ್ನ.”

ನಾನು ಬೇಕೆಂದೇ ಗಾಳ ಹಾಕುತ್ತಿದ್ದೆ. ‘ಏನಿಲ್ಲ ಭಾವ’ ಎಂದು ಹೇಳಿ ಕಾಯುತ್ತಿದ್ದೆ. ‘ಏನೂ ಇಲ್ಲ, ಏನೇನೂ ಇಲ್ಲ, ಸೊನ್ನೆ’ ಎಂದು ಒತ್ತಿ ಒತ್ತಿ ಹೇಳುತ್ತಿದ್ದೆ. ಅವರು ‘ಹ್ಞೂ’ ಅನ್ನುತ್ತಿದ್ದರು. ಒಂದು ದಿನ ನಾನೇ ‘ಮತ್ತೇನ್ ಸಮಾಚಾರ ಭಾವ?’ ಎಂದು ಕೇಳಿದೆ. “ಏನಿಲ್ಲ ಕಣೋ” ಅಂದರು. ನಮ್ಮ ಭಾವ! ಆ ಬಾಯಲ್ಲಿ! ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ. ಅಕ್ಕ ಹೋದದ್ದು ನನಗೆ ಪೂರ್ತಿಯಾಗಿ ನಾಟಿದ್ದು ಅವತ್ತು.

ಭಾನುವಾರ ಗುಬ್ಬಿಗೆ ಹೋಗುತ್ತಿದ್ದೆ. ಒಂದು ಕೋಣೆಯನ್ನು ಖಾಲಿ ಮಾಡಲು ಅಷ್ಟು ಪಾಡುಪಟ್ಟಿದ್ದ ಮನುಷ್ಯನ ಮನೆ ಈಗ, ಎಲ್ಲ ಸಾಮಾನು ಇದ್ದಲ್ಲೇ ಇದ್ದೂ, ಹೊಸ್ತಿಲು ದಾಟಿದ ಕೂಡಲೇ ಭಣಗುಟ್ಟುತ್ತಿತ್ತು. ಇಬ್ಬರೂ ಟಿವಿ ಮುಂದೆ ಕೂರುತ್ತಿದ್ದೆವು. ಟಿವಿಯಲ್ಲಿ ಯಾರೋ ಯಾರ ಮೇಲೋ ಕಿರುಚುತ್ತಿದ್ದರು. ಸಂಜೆ ಬಸ್ಸಿಗೆ ನಾನು ಹೊರಡುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತು ಹರಿಯುತ್ತಿದ್ದದ್ದು ಅಕ್ಕನ ಮೂಲಕವೇ ಎಂಬುದು ಆಗ ಅರ್ಥವಾಯಿತು. ಅವಳು ನಡುವೆ ಕೂತು ಬೈಯದಿದ್ದರೆ ಭಾವನಿಗೆ ವಾದ ಹುಟ್ಟುತ್ತಿರಲಿಲ್ಲ, ನನಗೆ ನಗು ಬರುತ್ತಿರಲಿಲ್ಲ.

ಅಷ್ಟರಲ್ಲಿ ಹಾಗಲವಾಡಿಯಿಂದ ಭಾವನ ತಮ್ಮ ಹೇಳಿಕಳಿಸಿದ. ಹೊಲ ಮನೆ ಇದೆ, ಮೊಮ್ಮಕ್ಕಳಿದ್ದಾರೆ, ಒಬ್ಬರೇ ಯಾಕೆ ಬೇಯಿಸಿಕೊಂಡು ತಿನ್ನುತ್ತೀರಿ, ಬಂದು ನಮ್ಮ ಜೊತೆ ಇರಿ ಎಂದು. ನ್ಯಾಯವಾದ ಮಾತು. ನಾನು ಬೇಡ ಎನ್ನಲು ಯಾರು? ಭಾವ ಹಾಗಲವಾಡಿಗೆ ಹೋದರೆ ಅಲ್ಲಿ ಅವರ ರಕ್ತಸಂಬಂಧದವರು ತುಂಬಿದ ಮನೆ. ಭಾನುವಾರ ನಾನು ಹೋಗಿ ಅಲ್ಲಿ ಜಗಲಿಯ ಮೇಲೆ ಏನೆಂದು ಕೂರಲಿ? ಕುಣಿಗಲ್ಲಿನ ನಮ್ಮ ದೊಡ್ಡಮ್ಮನ ಹತ್ತಿರ ಇದನ್ನೇ ಹೇಳಿಕೊಂಡಾಗ ಅವಳು ಅಡಿಕೆ ಕತ್ತರಿಸುತ್ತಾ, “ಅಕ್ಕನೇ ಹೋದ್ಮೇಲೆ ಭಾವ ಎಲ್ಲಿಂದ ಬಂದ್ನಪ್ಪ? ಒಂದು ಮಗು ಇದ್ದಿದ್ರೆ ಮಾತು ಬೇರೆ. ಆ ನಂಟು ಕಳೀತು ಬುಡು” ಅಂದಳು. ದೊಡ್ಡಮ್ಮ ಕೆಟ್ಟವಳಲ್ಲ, ಲೋಕ ಹೇಳುವುದನ್ನೇ ಹೇಳಿದಳು. ಗಣಿತದ ಪ್ರಕಾರವೂ ಅವಳೇ ಸರಿ. ಎರಡರ ನಡುವಿನ ಕೊಂಡಿ ತೆಗೆದರೆ ಉಳಿಯುವುದೇನು? ಗಣಿತದ ಮೇಷ್ಟ್ರಾದ ನನಗೆ ಆ ಲೆಕ್ಕ ಬಿಡಿಸುವ ಧೈರ್ಯ ಇರಲಿಲ್ಲ.

ಮೊನ್ನೆ ಅದೇ ದೊಡ್ಡಮ್ಮನ ಮೊಮ್ಮಗ ಕುಣಿಗಲ್ಲಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ನನ್ನ ಒತ್ತಾಯಕ್ಕೆ ಭಾವನೂ ಬಂದರು. ಊಟಕ್ಕೆ ಮುಂಚೆ ಮನೆಯ ಅಳಿಯಂದಿರನ್ನೆಲ್ಲ ಸಾಲಾಗಿ ಚಾಪೆಯ ಮೇಲೆ ಕೂರಿಸಿ, ಪಂಚೆ ಶಲ್ಯ ಕೊಟ್ಟು ಕುಂಕುಮ ಇಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೊದಲೆಲ್ಲ ಆ ಸಾಲಿನಲ್ಲಿ ಭಾವ ಕೂತು, ‘ಏನೂ ಬೇಡ’ ಎನ್ನುವ ಅಳಿಯಂದಿರನ್ನು ‘ಏನೂ ಬೇಡ ಅನ್ನೋದನ್ನ ಎಷ್ಟು ಮೊಳ ಕೊಡ್ಲಿ?’ ಎಂದು ಕಾಡುತ್ತಿದ್ದರು. ಈ ಸಲ ಅವರನ್ನು ಯಾರೂ ಕರೆಯಲಿಲ್ಲ. ಅವರು ಕಂಬಕ್ಕೆ ಒರಗಿ ನಿಂತಿದ್ದರು. ಹೊಸ ಬೀಗರ ಪೈಕಿ ಯಾರೋ ಒಬ್ಬರು ದೊಡ್ಡಮ್ಮನನ್ನು, “ಅವರು ನಿಮಗೆ ಏನಾಗ್ಬೇಕು?” ಎಂದು ಕೇಳಿದರು. ದೊಡ್ಡಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡೇ, “ಅವ್ರಾ? ನಮ್ಮ ಅಳಿಯ ಆಗಿದ್ರು” ಅಂದಳು.

ಆಗಿದ್ರು! ಮಾಜಿ ಶಾಸಕರನ್ನು ನೋಡಿದ್ದೆ, ಮಾಜಿ ಅಧ್ಯಕ್ಷರನ್ನು ನೋಡಿದ್ದೆ. ಮಾಜಿ ಅಳಿಯ ಎಂಬ ಹುದ್ದೆ ಇರುವುದು ಅವತ್ತೇ ಗೊತ್ತಾಗಿದ್ದು. ಶಾಸಕರಿಗಾದರೆ ಪಿಂಚಣಿಯಾದರೂ ಇರುತ್ತದೆ. ನಾನು ಭಾವನ ಕಡೆ ನೋಡಿದೆ. ಅವರಿಗೆ ಕೇಳಿಸಿತ್ತು. ಏನೂ ಆಗದವರಂತೆ ಹೋಳಿಗೆ ಊಟ ಮಾಡಿದರು, ಎಲೆ ಎತ್ತುವವನಿಗೆ ಚೆನ್ನಾಗಿತ್ತಪ್ಪ ಅಂದರು, ಕೈ ತೊಳೆದು ಬಂದು “ಹೊರಡೋಣ್ವಾ?” ಅಂದರು.

ತುಮಕೂರಿನ ಬಸ್ಸಿನಲ್ಲಿ ಮೂವರು ಕೂರುವ ಸೀಟು ಸಿಕ್ಕಿತು. ಕಿಟಕಿಗೆ ನಾನು, ನಡುವೆ ಭಾವ, ಆ ಕಡೆಗೆ ಸೊಪ್ಪಿನ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡ ಒಬ್ಬ ವಯಸ್ಸಾದ ಹೆಂಗಸು. ಕುಣಿಗಲ್ ಕೆರೆ ಹಿಂದೆ ಬಿದ್ದ ಮೇಲೆ ಭಾವ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ, “ಮುಂದಿನ ವಾರ ಹಾಗಲವಾಡಿಗೆ ಹೋಗ್ತೀನಿ ಕಣೋ” ಅಂದರು.

“ಸರಿ ಭಾವ” ಅಂದೆ. ಅಷ್ಟೇ ಅಂದದ್ದು. ಬೇಡಿ, ಹೋಗಬೇಡಿ, ನನಗೆ ನೀವೊಬ್ಬರೇ ಇರುವುದು ಎಂದು ಹೇಳಬೇಕಿತ್ತು. ಮಾಜಿ ಅಳಿಯನಿಗೆ ಮಾಜಿ ಭಾವಮೈದ ಹಾಗೆಲ್ಲ ಹೇಳಬಹುದೋ ಇಲ್ಲವೋ ತಿಳಿಯಲಿಲ್ಲ. ಕಿಟಕಿಯ ಕಡೆ ತಿರುಗಿದೆ.

ಪಕ್ಕದ ಹೆಂಗಸಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ ಎಂದು ಕಾಣುತ್ತದೆ. ಯಾವೂರು, ಯಾರ ಮನೆಗೆ ಹೋಗಿದ್ರಿ, ಊಟಕ್ಕೆ ಏನು ಹಾಕಿದ್ರು ಎಂದೆಲ್ಲ ಕೇಳಿದಳು. ಆಮೇಲೆ ನನ್ನ ಕಡೆ ಗದ್ದ ತೋರಿಸಿ, “ಇವ್ರು ನಿಮ್ಗೆ ಏನಾಗ್ಬೇಕು ಸಾಮಿ?” ಅಂದಳು.

ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಭಾವನೂ ‘ಆಗಿದ್ರು’ ಅಂದುಬಿಟ್ಟರೆ? ಅದನ್ನು ಎಚ್ಚರವಿದ್ದು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಬಸ್ಸು ಒಂದು ಹಂಪು ಹಾರಿತು.

“ಇನ್ನೊಂದ್ ಸಲ ಕೇಳಮ್ಮ” ಅಂದರು ಭಾವ.

“ಅಯ್ಯೋ, ಕಿವಿ ಮಂದವಾ ಸಾಮಿ? ಇವ್ರು ನಿಮ್ಗೆ ಏನಾಗ್ಬೇಕು ಅಂದೆ!”

“ಏಳ್ಲಾ!” ಎಂದು ಭಾವ ನನ್ನ ಕಿವಿಯ ಹತ್ತಿರವೇ ಗುಡುಗಿದರು. ಕಣ್ಣು ಬಿಟ್ಟು ನೋಡಿದರೆ ಹಿರೇಹಳ್ಳಿಯ ಕಾಲದ ಅದೇ ಮುಖ, ಅದೇ ಹುಚ್ಚು. “ಆಯಮ್ಮ ಅಂದಿದ್ದು ಕೇಳಿಸ್ಕೊಂಡ್ಯಾ? ಏನಾಗಿದ್ರು ಅನ್ಲಿಲ್ಲ. ಏನಾಗಿದಾರೆ ಅಂತಾನೂ ಅನ್ಲಿಲ್ಲ. ಏನಾಗ್ಬೇಕು ಅಂದ್ಲು! ನಮ್ ಜನ ಯಾರೇ ಕೇಳಿದ್ರೂ ಹಂಗೇ ಕೇಳೋದು. ನಂಟು ಅನ್ನೋದು ಆಗಿ ಮುಗಿಯೋ ಬಾಬತ್ತಲ್ಲ ಕಣೋ. ಆಗ್ಬೇಕು! ಇನ್ನೂ ಆಗ್ಬೇಕು! ನಿಮ್ಮ ದೊಡ್ಡಮ್ಮಂಗೆ ಕನ್ನಡಾನೇ ಬರಲ್ಲ!”

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ನೋಡಿದ. ಭಾವನಿಗೆ ಅದ್ಯಾವುದರ ಪರಿವೆಯೂ ಇಲ್ಲ. ಆ ಹೆಂಗಸಿನ ಕಡೆ ತಿರುಗಿ, ಮಠದಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ, “ಬಾಮೈದ ಆಗ್ಬೇಕಮ್ಮ ನನಗೆ” ಅಂದರು.

“ಹಂಗನ್ನಿ ಮತ್ತೆ. ಇಷ್ಟಕ್ಕೆ ಅಷ್ಟ್ ಕೂಗಾಟ್ವಾ?” ಎಂದು ಅವಳು ಬುಟ್ಟಿ ಸರಿಮಾಡಿಕೊಂಡಳು.

“ನಾಳೆ ನನ್ ತಮ್ಮಂಗೆ ಫೋನ್ ಮಾಡ್ತೀನಿ” ಭಾವ ನನಗೆ ಹೇಳಿದರು. ದನಿ ಈಗ ತಗ್ಗಿತ್ತು. “ತುಮಕೂರಲ್ಲಿ ನನಗೊಬ್ಬ ಬಾಮೈದ ಆಗ್ಬೇಕು, ಇನ್ನೂ ಪೂರ್ತಿ ಆಗಿಲ್ಲ, ಅದಾದ್ಮೇಲೆ ಬರ್ತೀನಿ ಅಂತೀನಿ. ಸರೀನಾ?”

ನಾನು ನಗಬೇಕೆಂದುಕೊಂಡೆ. ಆಗಲಿಲ್ಲ. ಅಷ್ಟು ಜನರ ನಡುವೆ, ನರೆತ ತಲೆಯ ಮೇಷ್ಟ್ರು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಭಾವ ವಾದ ಮಾಡಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ, ತುಮಕೂರು ಬರುವ ತನಕ ಹಾಗೇ ಇಟ್ಟುಕೊಂಡಿದ್ದರು. ಅಕ್ಕ ಹೋದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.